ಬಸಿರಾದೊಡನೆ ಥೈರಾಯ್ಡ್ ಮಾತ್ರೆ ಬಿಡಬೇಡಿ



ಮದುವೆಯಾಗಿ ಎರಡು ವರ್ಷವಾದರೂ ಮಕ್ಕಳಾಗದಿದ್ದರೆ ಮನೆಯಲ್ಲಿ ಮೊದಲು ಸೊಸೆಯತ್ತಲೇ ಬೆರಳು ತೋರಿಸುತ್ತಾರೆ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು ರಕ್ತಪರೀಕ್ಷೆಯಿಂದ ಪತ್ತೆಯಾಗುವ, ದಿನಕ್ಕೊಂದು ಮಾತ್ರೆಯಿಂದ ಹತೋಟಿಗೆ ಬರುವ ಕಾರಣವೊಂದನ್ನು ಇಂದು ತಿಳಿದುಕೊಳ್ಳೋಣ.

ಕತ್ತಿನ ಮುಂಭಾಗದಲ್ಲಿ ಚಿಟ್ಟೆಯಾಕಾರದ ಪುಟ್ಟ ಗ್ರಂಥಿಯಿದೆ. ಅದೇ ಥೈರಾಯ್ಡ್. ಅದರ ಹಾರ್ಮೋನು ಕಡಿಮೆಯಾದಾಗ ರಕ್ತದಲ್ಲಿ ಟಿ.ಎಸ್.ಎಚ್. ಪ್ರಮಾಣ ಏರುತ್ತದೆ. ಕೆಲವರಲ್ಲಿ ಎದೆಹಾಲಿಗೆ ಸಂಬಂಧಿಸಿದ ಪ್ರೊಲ್ಯಾಕ್ಟಿನ್ ಹಾರ್ಮೋನು ಸಹ ಏರುತ್ತದೆ. ಆಗ ಅಂಡಾಶಯದಿಂದ ತಿಂಗಳಿಗೊಮ್ಮೆ ಅಂಡ ಸರಿಯಾಗಿ ಬಿಡುಗಡೆಯಾಗುವುದಿಲ್ಲ. ಮುಟ್ಟು ಏರುಪೇರಾಗುತ್ತದೆ, ಇಲ್ಲವೇ ಹೆಚ್ಚು ರಕ್ತ ಹೋಗುತ್ತದೆ. ಗರ್ಭ ನಿಂತರೂ ಇಳಿದುಹೋಗುವ ಸಂಭವ ಹೆಚ್ಚು. ಸುಸ್ತು, ತೂಕ ಹೆಚ್ಚುವುದು, ಮಲಬದ್ಧತೆ, ಚಳಿ ತಡೆಯಲಾಗದಿರುವುದು ಇದರ ಲಕ್ಷಣಗಳು. ಥೈರಾಯ್ಡ್ ತೊಂದರೆ ಗಂಡಸರಿಗೂ ಬರುತ್ತದೆ, ವೀರ್ಯಾಣುಗಳನ್ನೂ ಬಾಧಿಸುತ್ತದೆ. ಆದ್ದರಿಂದ ಪರೀಕ್ಷೆಗೆ ಗಂಡ-ಹೆಂಡತಿ ಇಬ್ಬರೂ ಬನ್ನಿ.

ಹಾರ್ಮೋನು ಕಡಿಮೆಯಿದ್ದವರಿಗೆ ಥೈರಾಕ್ಸಿನ್ ಮಾತ್ರೆ ಕೊಡುತ್ತಾರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಚಹಾ-ಕಾಫಿ, ತಿಂಡಿಯನ್ನು ಅರ್ಧದಿಂದ ಒಂದು ಗಂಟೆ ಬಿಟ್ಟು ಸೇವಿಸಿ. ಕಬ್ಬಿಣಾಂಶದ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ 4 ಗಂಟೆ ಅಂತರವಿರಲಿ. ಮಾತ್ರೆ ಪಡೆಯುತ್ತಿರುವವರು ಗರ್ಭ ಧರಿಸುವ ಮೊದಲೇ ಟಿ.ಎಸ್.ಎಚ್. ಅನ್ನು 2.5ಕ್ಕಿಂತ ಕೆಳಗೆ ತಂದುಕೊಳ್ಳುವುದು ಒಳ್ಳೆಯದು.

ಈಗ ಬಹು ಮುಖ್ಯವಾದ ಮಾತು. ಮುಟ್ಟು ನಿಂತಿತೆಂದು ತಿಳಿದ ಕೂಡಲೇ, "ಮಾತ್ರೆ ಉಷ್ಣ, ಬಸುರಿ ನುಂಗಬಾರದು" ಎಂದು ಹಿರಿಯರು ಪ್ರೀತಿಯಿಂದಲೇ ನಿಲ್ಲಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಮೊದಲ ಮೂರು ತಿಂಗಳು ಕೂಸಿನ ಥೈರಾಯ್ಡ್ ತಾನಾಗಿ ಕೆಲಸ ಮಾಡುವುದಿಲ್ಲ. ಮಿದುಳಿನ ಬೆಳವಣಿಗೆಗೆ ಅದು ತಾಯಿಯ ಹಾರ್ಮೋನನ್ನೇ ನೆಚ್ಚಿಕೊಂಡಿರುತ್ತದೆ. ಈ ಮಾತ್ರೆ ದೇಹದಲ್ಲಿ ಇರಬೇಕಾದ ಹಾರ್ಮೋನೇ ಹೊರತು ಹೊರಗಿನ ವಸ್ತುವಲ್ಲ. ಬಸಿರಿನಲ್ಲಿ ಇದರ ಪ್ರಮಾಣವನ್ನು ಸಾಮಾನ್ಯವಾಗಿ ಹೆಚ್ಚಿಸಬೇಕಾಗುತ್ತದೆ. ಆದುದರಿಂದ ಮುಟ್ಟು ತಪ್ಪಿದ ವಾರದಲ್ಲೇ ವೈದ್ಯರನ್ನು ಕಾಣಿರಿ. ಐದು ತಿಂಗಳು ತುಂಬುವವರೆಗೆ ಸುಮಾರು 4 ವಾರಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸಿ. ಹೆರಿಗೆಯಾದ 6 ವಾರಗಳಿಗೆ ಮತ್ತೊಮ್ಮೆ ಮಾಡಿಸಿ. ಮೊಲೆಯೂಡಿಸುವಾಗಲೂ ಈ ಮಾತ್ರೆ ನಿಲ್ಲಿಸಬೇಕಿಲ್ಲ.

ಹಾರ್ಮೋನು ಹೆಚ್ಚಾಗಿದೆಯೆಂದು ಔಷಧಿ ತೆಗೆದುಕೊಳ್ಳುತ್ತಿರುವವರು ಮಗು ಬೇಕೆಂದುಕೊಂಡಾಗಲೇ ವೈದ್ಯರಿಗೆ ತಿಳಿಸಿ. ಕೆಲವು ಔಷಧಿಗಳನ್ನು ಬದಲಿಸಬೇಕಾಗುತ್ತದೆ. ನೀವಾಗಿಯೇ ಬಿಡಬೇಡಿ.

ಅತ್ತೆಯವರೇ, ಅಮ್ಮಂದಿರೇ, ಸೊಸೆಗೆ, ಮಗಳಿಗೆ ದಿನವೂ ಬೆಳಿಗ್ಗೆ "ಮಾತ್ರೆ ತಗೊಂಡೆಯಾ?" ಎಂದು ಕೇಳಿ. ಹುಟ್ಟಲಿರುವ ಕೂಸಿಗೆ ನೀವು ಮಾಡುವ ಮೊದಲ ಆರೈಕೆ ಇದೇ.