ಕಪ್ಪು ಕಾಗದದ ಮೇಲೆ ಮತ್ತಿಮರ



ಮಲೆನಾಡಿನಲ್ಲಿ ಮತ್ತಿಮರವನ್ನು ಅರಿಯದವರು ವಿರಳ. ಮೊಸಳೆಯ ಬೆನ್ನಿನಂತೆ ಬಿರಿದ ಅದರ ತೊಗಟೆಯನ್ನು ಕಂಡೇ ಮಕ್ಕಳೂ ಗುರುತಿಸುತ್ತಾರೆ. ಮಧ್ಯಪ್ರದೇಶದ ಗೊಂಡರ ನಾಡಿನಲ್ಲಿ ಇದೇ ಮರಕ್ಕೆ ‘ಸಾಜಾ’ ಎಂದು ಹೆಸರು. ಅವರ ಹಿರಿಯ ದೈವವಾದ ಬಡಾದೇವನು ಈ ಮರದಲ್ಲಿ ನೆಲೆಸಿರುವನೆಂಬುದು ಅವರ ನಂಬಿಕೆ. ಗೊಂಡರ ವಂಶಗಾಯಕರಾದ ಪರಧಾನರು ‘ಬಾನಾ’ ಎಂಬ ತಂತಿವಾದ್ಯವನ್ನು ನುಡಿಸಿ ಆ ದೇವರನ್ನು ಎಚ್ಚರಿಸುತ್ತಿದ್ದರು.

ಆ ಗಾಯಕರ ಕುಲದಿಂದಲೇ ಚಿತ್ರಕಾರರೂ ಮೂಡಿಬಂದರು. ಪಾಟನಗಢ ಗ್ರಾಮದ ಜನಗಢ ಸಿಂಗ್ ಶ್ಯಾಮ್ ಅವರಲ್ಲಿ ಮೊದಲಿಗರು. 1982ರಲ್ಲಿ ಆರಂಭವಾದ ಭೋಪಾಲದ ಭಾರತ ಭವನದ ಆಶ್ರಯದಲ್ಲಿ, ಕಲಾವಿದ ಜೆ. ಸ್ವಾಮಿನಾಥನ್ ಅವರ ಪ್ರೋತ್ಸಾಹದಿಂದ, ಅವರ ಕೈ ಮಣ್ಣಿನ ಗೋಡೆಯಿಂದ ಕಾಗದಕ್ಕೆ ಹೊರಳಿತು. 2001ರಲ್ಲಿ ಅವರು ತೀರಿಕೊಂಡರೂ ಅವರ ಬಳಿ ಪಳಗಿದ ಭಜ್ಜು ಶ್ಯಾಮ್ ಮೊದಲಾದವರು ಆ ದಾರಿಯನ್ನು ಮುಂದುವರಿಸಿದರು.

ಈ ಶಾಯಿಚಿತ್ರದ ಕ್ರಮ ಸರಳವಾಗಿ ಕಂಡರೂ ಕಠಿಣವಾದುದು. ಮೊದಲು ಮರದ ಅಥವಾ ಪ್ರಾಣಿಯ ಹೊರರೇಖೆ ಮೂಡುತ್ತದೆ. ಬಳಿಕ ಅದರ ಒಡಲನ್ನು ಚುಕ್ಕಿ, ಕಿರುಗೆರೆ, ಸರಪಳಿ, ಅಲೆಗಳಿಂದ ಸಾಲುಸಾಲಾಗಿ ತುಂಬಲಾಗುತ್ತದೆ. ನೆರಳು–ಬೆಳಕಿನ ಹಂಗು ಇಲ್ಲಿಲ್ಲ. ಗೆರೆಯ ದಟ್ಟಣೆಯೇ ಚಿತ್ರಕ್ಕೆ ಚಲನೆಯನ್ನು ನೀಡುತ್ತದೆ. ಶಾಯಿಯ ಗೆರೆಯನ್ನು ಅಳಿಸಲಾಗದು. ಒಬ್ಬೊಬ್ಬ ಕಲಾವಿದರಿಗೂ ಅವರದೇ ಆದ ತುಂಬುಗೆರೆಯಿದ್ದು, ಅದೇ ಅವರ ಸಹಿಯೂ ಹೌದು.

ಭಜ್ಜು ಶ್ಯಾಮ್, ದುರ್ಗಾಬಾಯಿ ಮತ್ತು ರಾಮ್ ಸಿಂಗ್ ಉರ್ವೇತಿ ಅವರ ಇಂತಹ ಚಿತ್ರಗಳನ್ನು ಚೆನ್ನೈನ ತಾರಾ ಬುಕ್ಸ್ 2006ರಲ್ಲಿ ‘ದಿ ನೈಟ್ ಲೈಫ್ ಆಫ್ ಟ್ರೀಸ್’ ಎಂಬ ಪುಸ್ತಕವಾಗಿ ಹೊರತಂದಿತು. ಹಗಲೆಲ್ಲ ನೆರಳು, ಆಹಾರ ನೀಡುತ್ತ ದುಡಿಯುವ ಮರಗಳು ಇರುಳಿನಲ್ಲಿ ಮಾತ್ರ ತಮ್ಮ ನಿಜರೂಪವನ್ನು ತೋರುತ್ತವೆ ಎಂಬ ಗೊಂಡರ ಭಾವನೆ ಅದರ ತಿರುಳು. ಆದುದರಿಂದಲೇ ಅದರ ಕಾಗದ ಕಪ್ಪು. ಸಾಮಾನ್ಯ ಆಫ್‌ಸೆಟ್ ಯಂತ್ರದ ತೆಳುಶಾಯಿ ಕಪ್ಪಿನ ಮೇಲೆ ಮಂಕಾಗುತ್ತದೆ. ಸ್ಕ್ರೀನ್ ಮುದ್ರಣದ ಶಾಯಿಯಾದರೋ ಕಾಗದದ ಮೇಲೆ ದಪ್ಪನೆಯ ಪದರವಾಗಿ ನಿಂತು ಬೆಳಗುತ್ತದೆ.

ಮದುವೆಯ ಕರೆಯೋಲೆಗಳ ಮೂಲಕ ನಮ್ಮ ಪೇಟೆಗಳಿಗೂ ಪರಿಚಿತವಾದ ವಿಧಾನವಿದು. ಚೌಕಟ್ಟಿಗೆ ಬಿಗಿದ ಸೂಕ್ಷ್ಮ ಜಾಲರಿಗೆ ಬೆಳಕಿಗೆ ಗಟ್ಟಿಯಾಗುವ ರಾಸಾಯನಿಕವನ್ನು ಬಳಿಯುತ್ತಾರೆ. ಮೇಲೆ ಚಿತ್ರದ ಪಾರದರ್ಶಕ ಹಾಳೆಯನ್ನಿಟ್ಟು ಬೆಳಕು ಹಾಯಿಸಿದಾಗ, ಗೆರೆಗಳ ಮರೆಯಲ್ಲಿದ್ದ ಭಾಗ ಮಾತ್ರ ಗಟ್ಟಿಯಾಗದೆ ನೀರಿನಲ್ಲಿ ತೊಳೆದುಹೋಗುತ್ತದೆ. ಆ ತೆರವಿನ ಮೂಲಕ ರಬ್ಬರಿನ ಪಟ್ಟಿಯಿಂದ ಶಾಯಿಯನ್ನು ಎಳೆದು ಕಾಗದಕ್ಕೆ ಇಳಿಸುತ್ತಾರೆ. ಬಣ್ಣವೊಂದಕ್ಕೆ ಒಂದು ಜಾಲರಿ. ಒಂದು ಒಣಗಿದ ಮೇಲೆಯೇ ಮತ್ತೊಂದು. ಕೂದಲೆಳೆಯಷ್ಟು ಸರಿದರೂ ಗೆರೆ ಕೆಡುತ್ತದೆ. ಹೀಗೆ ಕೈಯಿಂದಲೇ ಮುದ್ರಿಸಿ, ಕೈಯಿಂದಲೇ ಹೊಲಿದ ಈ ಪುಸ್ತಕಕ್ಕೆ 2008ರಲ್ಲಿ ಇಟಲಿಯ ಬೊಲೋನ್ಯಾ ಪುಸ್ತಕಮೇಳದ ಪುರಸ್ಕಾರ ದೊರೆಯಿತು.

ಕೈಯಿಂದ ಮಾಡಿದ್ದೆಲ್ಲವೂ ನಿಸರ್ಗಕ್ಕೆ ಹಿತವೆಂದು ಭಾವಿಸಲಾಗದು. ಜಾಲರಿ ತೊಳೆದ ಥಿನ್ನರ್, ಸೀಮೆಎಣ್ಣೆಗಳು ಹಳ್ಳಕ್ಕೆ ಸೇರಿದರೆ ಮೀನು, ಕಪ್ಪೆಗಳಿಗೆ ಅಪಾಯ. ಅರಣ್ಯದ ಪರವಾದ ಭಿತ್ತಿಪತ್ರವನ್ನು ಮುದ್ರಿಸುವ ವಿದ್ಯಾರ್ಥಿಗಳು ನೀರಿನಲ್ಲಿ ಕರಗುವ ಶಾಯಿಯನ್ನು ಬಳಸುವುದು, ತೊಳೆದ ನೀರನ್ನು ತೊರೆಯಿಂದ ದೂರವಿಡುವುದು ಅಗತ್ಯ. ಆರಂಭಕ್ಕೆ ರಾಸಾಯನಿಕವೂ ಬೇಡ: ಕತ್ತರಿಸಿದ ಕಾಗದದ ಅಚ್ಚು, ಬಿಗಿದ ನೈಲಾನ್ ಬಟ್ಟೆ ಸಾಕು.

ಇನ್ನೊಂದು ಸಂಗತಿ ಗಂಭೀರವಾದುದು. ಆ ಪುಸ್ತಕದಲ್ಲಿ ಮೂವರು ಕಲಾವಿದರ ಹೆಸರೂ ಕರ್ತೃಗಳೆಂದು ಅಚ್ಚಾಗಿದೆ. ಭಜ್ಜು ಶ್ಯಾಮ್ ಅವರಿಗೆ 2018ರಲ್ಲಿ, ದುರ್ಗಾಬಾಯಿ ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಸಾಗರ, ಸೊರಬ ಸೀಮೆಯ ದೀವರ ಮಹಿಳೆಯರು ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಬರೆಯುವ ಹಸೆ ಚಿತ್ತಾರವೂ ಇಂದು ಕಾಗದ, ಬಟ್ಟೆಗಳಿಗೆ ಬಂದಿದೆ. ಚಿತ್ತಾರವನ್ನು ಅಚ್ಚುಮಾಡುವವರು ಬರೆದಾಕೆಯ ಹೆಸರನ್ನೂ ಅಚ್ಚುಮಾಡಬೇಕು, ಪ್ರತಿಫಲವನ್ನೂ ಸಲ್ಲಿಸಬೇಕು. ಕಾಡಿನ ನಾರು, ಮಣ್ಣು, ಕಾಯಿಗಳು ಉಳಿದರೆ ಮಾತ್ರ ಆ ಕೈಗೆ ಕುಂಚವೂ ಬಣ್ಣವೂ ದೊರಕುತ್ತವೆ. ಮತ್ತಿಮರವಿಲ್ಲದ ಊರಿನಲ್ಲಿ ಮತ್ತಿಯ ಚಿತ್ರವನ್ನು ಮಕ್ಕಳಿಗೆ ವಿವರಿಸಿ ಹೇಳಬೇಕಾದ ದಿನ ಬಾರದಂತೆ ನೋಡಿಕೊಳ್ಳುವುದು ಎಲ್ಲರ ಹೊಣೆ.