‘ಕ್ಲೋಸ್’ ಮಾಡುವುದೆಂದರೆ



‘ಕ್ಲೋಸ್’ ಎಂದರೆ ಮುಚ್ಚು ಎಂದು ಈ ಶಾಲೆಯಲ್ಲೇ ಕಲಿತೆ. ಬಿ.ಇ. ಮುಗಿಸಿ ನೌಕರಿಗೆ ಸೇರಿದ ಮೊದಲ ವಾರ ಮೇಲಧಿಕಾರಿ, ‘ಈ ಟಿಕೆಟ್ ಇವತ್ತೇ ಕ್ಲೋಸ್ ಮಾಡಿ’ ಎಂದರು. ಕಂಪ್ಯೂಟರಿನಲ್ಲಿ ಆ ಪುಟ ಮುಚ್ಚಿ ಮನೆಗೆ ಹೋದೆ. ಟಿಕೆಟ್ ಎಂದರೆ ಗ್ರಾಹಕರ ದೂರು. ಅದನ್ನು ಕ್ಲೋಸ್ ಮಾಡುವುದೆಂದರೆ ತಪ್ಪು ತಿದ್ದಿ, ಪರೀಕ್ಷಿಸಿ, ಮುಗಿಯಿತೆಂದು ದಾಖಲಿಸುವುದು. ಮರುದಿನ ಎಲ್ಲರೆದುರು ಬೈಸಿಕೊಂಡೆ.

ನಾವು ಬಾಗಿಲು ಹಾಕುತ್ತೇವೆ, ಕಣ್ಣು ಮುಚ್ಚುತ್ತೇವೆ, ಅಂಗಡಿ ಬಂದ್ ಮಾಡುತ್ತೇವೆ, ಸಭೆ ಮುಗಿಸುತ್ತೇವೆ. ಇಂಗ್ಲಿಷಿನಲ್ಲಿ ಇಷ್ಟಕ್ಕೂ ‘ಕ್ಲೋಸ್’ ಒಂದೇ ಸಾಕು. ‘ಶಟ್’ ಬಾಗಿಲಿಗೆ, ಕಣ್ಣಿಗೆ, ಅಂಗಡಿಗೆ ಸಲ್ಲುತ್ತದೆ. ಸಭೆಗೆ, ಬ್ಯಾಂಕ್ ಖಾತೆಗೆ ಸಲ್ಲದು. ಇನ್ನೊಂದು ತೊಡಕು: ‘ಕ್ಲೋಸ್’ನ ಕೊನೆಯನ್ನು ‘ಝ್’ ಎಂದು ಉಚ್ಚರಿಸಿದರೆ ಮುಚ್ಚು, ‘ಸ್’ ಎಂದರೆ ಹತ್ತಿರ.

ಅಂದು ಅರ್ಥ ತಿಳಿಯದ್ದು ನನ್ನ ತಪ್ಪಲ್ಲ, ಕೇಳದೆ ಇದ್ದದ್ದು ತಪ್ಪು. ಕನ್ನಡ ಮಾಧ್ಯಮದವನೆಂದು ನಕ್ಕಾರು ಅಂತ ಬಾಯಿ ಮುಚ್ಚಿಕೊಂಡೆ. ತಮ್ಮಂದಿರೇ, ತಂಗಿಯರೇ, ನೀವು ಹಾಗೆ ಮಾಡಬೇಡಿ. ‘ಹಂಗಂದ್ರ ಏನ್ರೀ ಸರ್?’ ಅಂತ ಕೇಳಿಬಿಡಿ. ಇದೇ ಶಾಲೆಯಲ್ಲಿ ಹಾಗೆ ಕೇಳಿದಾಗ ಯಾವ ಗುರುಗಳೂ ನನ್ನನ್ನು ಬೈದಿರಲಿಲ್ಲ.