ಪ್ರಪಂಚದ ಇತಿಹಾಸ: ಮೊದಲ ಪಾಠ ಎಲ್ಲಿಂದ?

ಜೂನ್ ತಿಂಗಳು ಬಂದಿತೆಂದರೆ ಹೊಸ ಪುಸ್ತಕಗಳಿಗೆ ಕಾಗದದ ಹೊದಿಕೆ ಹಾಕುವ ಕೆಲಸ ಮನೆಮನೆಯಲ್ಲಿಯೂ ನಡೆಯುತ್ತದೆ. ಹೊದಿಕೆ ಹಾಕುತ್ತ ತಂದೆಯೋ ತಾಯಿಯೋ ಒಂದೊಂದು ಪುಸ್ತಕದ ಹಾಳೆಯನ್ನು ಮಗುಚಿ ನೋಡುವುದುಂಟು. ಗಣಿತವನ್ನು ಕಂಡು ನಿಟ್ಟುಸಿರು ಬಿಡುತ್ತಾರೆ. ವಿಜ್ಞಾನವನ್ನು ಕಂಡು ತಲೆದೂಗುತ್ತಾರೆ. ಇತಿಹಾಸದ ಪುಸ್ತಕವನ್ನು ಮಾತ್ರ, 'ಇದೇನು, ಉರು ಹೊಡೆದರೆ ಆಯಿತು' ಎಂದು ಪಕ್ಕಕ್ಕೆ ಸರಿಸುತ್ತಾರೆ. ನಾನು ಇದನ್ನು ದೂರಿನ ಮಾತಾಗಿ ಹೇಳುತ್ತಿಲ್ಲ. ಹಾಗೆ ಪಕ್ಕಕ್ಕೆ ಸರಿಸುವಂತೆ ಮಾಡಿದವರಲ್ಲಿ ಇತಿಹಾಸದ ಮೇಷ್ಟ್ರಾದ ನಾನೂ ಒಬ್ಬ.

ಹೈಸ್ಕೂಲಿನಲ್ಲಿ ಪ್ರಪಂಚದ ಇತಿಹಾಸವನ್ನು ಪಾಠ ಹೇಳಲು ನನ್ನನ್ನು ನಿಲ್ಲಿಸಿದ ಮೊದಲ ವರ್ಷ, ಎಲ್ಲ ಹೊಸಬರಂತೆ ನಾನೂ ಪುಸ್ತಕದ ಮೊದಲ ಪುಟದಿಂದಲೇ ಹೊರಟೆ. ಶಿಲಾಯುಗದಲ್ಲಿ ಜೂನ್ ಕಳೆಯಿತು. ಗಣೇಶನ ಹಬ್ಬದ ಹೊತ್ತಿಗೆ ನೈಲ್ ನದಿಯ ದಡದಲ್ಲಿದ್ದೆವು. ದೀಪಾವಳಿಗೆ ಗ್ರೀಸ್, ಸಂಕ್ರಾಂತಿಗೆ ರೋಮ್. ಆಮೇಲೆ ಪರೀಕ್ಷೆಯ ಭಯ ಹಿಡಿದು, ಸಾವಿರದ ಐನೂರು ವರ್ಷಗಳನ್ನು ಆರು ವಾರದಲ್ಲಿ ಓಡಿಸಿಕೊಂಡು ಹೋಗಿ ಫ್ರಾನ್ಸಿನ ಕ್ರಾಂತಿಯ ಬಾಗಿಲಲ್ಲಿ ದಣಿದು ಕುಳಿತೆ. ವರ್ಷ ಮುಗಿಯಿತು.

ಆ ವರ್ಷ ಆಗಸ್ಟಿನಲ್ಲೋ ಸೆಪ್ಟೆಂಬರಿನಲ್ಲೋ ಒಬ್ಬ ಹುಡುಗ ಜೇಬಿನಿಂದ ಒಂದು ಬೆಳ್ಳಿಯ ಬಿಲ್ಲೆಯನ್ನು ತೆಗೆದು ಮೇಜಿನ ಮೇಲಿಟ್ಟ. ಒಂದು ಮಗ್ಗುಲಲ್ಲಿ ಐದನೆಯ ಜಾರ್ಜ್ ದೊರೆಯ ಮುಖ. ಇನ್ನೊಂದು ಮಗ್ಗುಲಲ್ಲಿ ಕುದುರೆಯ ಮೇಲೊಬ್ಬ ಸವಾರ, 1914, 1918 ಎಂಬ ಎರಡು ಇಸವಿಗಳು. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಅವನ ತಾತನ ಹೆಸರು. 'ಸಾ, ನಮ್ ತಾತ ಎಲ್ಲಿಗೆ ಹೋಗಿದ್ದ್ರು?' ಎಂದು ಕೇಳಿದ. ನಾನು ಆಗ ಈಜಿಪ್ಟಿನ ಫೇರೋಗಳ ಪಟ್ಟಿಯನ್ನು ಹಲಗೆಯ ಮೇಲೆ ಬರೆಯುತ್ತಿದ್ದೆ. 'ಅದು ಇಪ್ಪತ್ತನೆಯ ಶತಮಾನದ ಪಾಠ, ಬಂದಾಗ ಹೇಳುತ್ತೇನೆ, ಒಳಗಿಡು' ಎಂದೆ. ಒಳಗಿಟ್ಟ. ಪಾಠ ಬರಲೇ ಇಲ್ಲ. ಮರು ವರ್ಷ ಹುಡುಗನೂ ಬರಲಿಲ್ಲ. ತಂದೆಯ ಜೊತೆ ಗಾಡಿ ಹೊಡೆಯಲು ಹೋದನೆಂದು ತಿಳಿಯಿತು.

ಅವನ ತಾತ ಎಲ್ಲಿಗೆ ಹೋಗಿದ್ದನೆಂದು ಈಗ ನಾನು ಹೆಚ್ಚು ಕಡಿಮೆ ಹೇಳಬಲ್ಲೆ. ಹುಡುಗನ ಮನೆಯವರು ಮೈಸೂರಿನ ಲ್ಯಾನ್ಸರ್ ಪಡೆಯವರು. ಆ ಪಡೆ ಈಜಿಪ್ಟಿಗೆ ಹೋಯಿತು, ಸೂಯೆಜ್ ಕಾಲುವೆಯನ್ನು ಕಾಯಿತು, ಪ್ಯಾಲೆಸ್ಟೈನಿಗೆ ನುಗ್ಗಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಂದಿಗೆ ಸೇರಿ, ಭರ್ಜಿ ಕತ್ತಿಗಳನ್ನು ಹಿಡಿದು, ಮಷೀನ್‌ಗನ್ನುಗಳ ಎದುರಿಗೆ ಕುದುರೆ ಓಡಿಸಿ ಹೈಫಾ ಪಟ್ಟಣವನ್ನು ಹಿಡಿಯಿತು. ದೆಹಲಿಯ ತೀನ್‌ಮೂರ್ತಿಯಲ್ಲಿ ನಿಂತಿರುವ ಮೂವರು ಯೋಧರಲ್ಲಿ ಒಬ್ಬ ಮೈಸೂರಿನ ಪಡೆಯ ಗುರುತು. ತುರ್ಕಿಯ ಸಾಮ್ರಾಜ್ಯ ಮುರಿದುಬಿದ್ದ ಗಳಿಗೆಯಲ್ಲಿ ಆ ಹುಡುಗನ ಮನೆಯವರು ಅಲ್ಲಿದ್ದರು. ನನ್ನ ತರಗತಿಯಲ್ಲಿ ಪ್ರಪಂಚದ ಇತಿಹಾಸವನ್ನು ಜೇಬಿನಲ್ಲಿ ಇಟ್ಟುಕೊಂಡು ಬಂದವನು ಅವನೊಬ್ಬನೇ. ಫೇರೋಗಳು ನಾಲ್ಕು ಸಾವಿರ ವರ್ಷ ಕಾದಿದ್ದವರು, ಇನ್ನೊಂದು ದಿನ ಕಾಯುತ್ತಿರಲಿಲ್ಲವೆ?

ಅಂದಿನಿಂದ ಮೊದಲ ಪಾಠವನ್ನು ಎಲ್ಲಿಂದ ಹಿಡಿಯಬೇಕೆಂಬುದೇ ನನಗೆ ಚಿಂತೆಯಾಯಿತು. ಹಲವು ವರ್ಷ ಹಲವು ಬಗೆಯಾಗಿ ಮಾಡಿ ನೋಡಿ, ಕೊನೆಗೆ ಒಂದು ಹಗ್ಗಕ್ಕೆ ಬಂದು ನಿಂತೆ.

ನೂರು ವರ್ಷಕ್ಕೆ ಒಂದು ಗೇಣು. ಐದು ಸಾವಿರ ವರ್ಷಕ್ಕೆ ಐವತ್ತು ಗೇಣು, ಎಂದರೆ ಇಪ್ಪತ್ತೈದು ಮೊಳ. ಅಷ್ಟುದ್ದದ ಹಗ್ಗವನ್ನು ತರಗತಿಯ ಗೋಡೆಯ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಕಟ್ಟುತ್ತೇವೆ. ಬಾಗಿಲ ಬಳಿಯ ತುದಿಯಲ್ಲಿ ನಾವು. ನಮ್ಮಿಂದ ಒಂದು ಗೇಣು ದಾಟುತ್ತಲೇ ಆ ತಾತನ ಕುದುರೆ. ಎರಡು ಗೇಣಿನಾಚೆ ಟಿಪ್ಪು ಸುಲ್ತಾನ. ಹತ್ತಿಯ ಹಗ್ಗವನ್ನು ಮಾತ್ರ ಯಾರೂ ಕಟ್ಟಬೇಡಿ. ಸೋರುವ ಗೋಡೆಯ ತೇವಕ್ಕೆ ಅದು ಕುಗ್ಗುತ್ತದೆ. ಒಂದು ಮಳೆಗಾಲದಲ್ಲಿ ಬುದ್ಧ ನಮಗೆ ಅರ್ಧ ಗೇಣು ಹತ್ತಿರ ಬಂದುಬಿಟ್ಟಿದ್ದ.

ಈ ಹಗ್ಗದ ಮೇಲೆ ಮಕ್ಕಳು ಕಾಣುವ ಮೊದಲ ಅಚ್ಚರಿ ಅದರ ನಡುವಿನ ಗಂಟು. ಗಿಜಾದ ದೊಡ್ಡ ಪಿರಮಿಡ್ಡು ಕ್ರಿ.ಪೂ. 2560ರ ಸುಮಾರಿನದು, ನಮ್ಮಿಂದ ನಲವತ್ತಾರು ಗೇಣು ದೂರ. ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನ ಕ್ರಿ.ಪೂ. ಮೂರನೆಯ ಶತಮಾನದ್ದು, ಸುಮಾರು ಇಪ್ಪತ್ತಮೂರು ಗೇಣು. ಎಂದರೆ ಅಶೋಕ ಪಿರಮಿಡ್ಡಿಗೂ ನಮಗೂ ಸರಿಯಾಗಿ ನಡುವೆ ನಿಂತಿದ್ದಾನೆ. ನಮಗೆ ಅಶೋಕ ಎಷ್ಟು ಹಳಬನೋ ಅಶೋಕನಿಗೆ ಪಿರಮಿಡ್ಡು ಅಷ್ಟು ಹಳೆಯದು. 'ಪ್ರಾಚೀನ ಕಾಲ' ಎಂಬ ಒಂದೇ ಮೂಟೆಯಲ್ಲಿ ಇಬ್ಬರನ್ನೂ ತುಂಬಿ ಕಟ್ಟುತ್ತಿದ್ದ ನನಗೇ ಇದು ಹೊಳೆದಿರಲಿಲ್ಲ.

ಆದುದರಿಂದ ನನ್ನ ಮೊದಲ ಪಾಠ ಹಗ್ಗದ ನಡುವಿನಿಂದ, ರಾಯಚೂರು ಸೀಮೆಯ ಒಂದು ಬಂಡೆಯಿಂದ. ಮಸ್ಕಿಯ ಶಾಸನ ಬೆಳಕಿಗೆ ಬಂದದ್ದು 1915ರಲ್ಲಿ. ಬ್ರಾಹ್ಮೀ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿಯೇ ಓದಿ ಮುಗಿಸಿದ್ದನು. ಆದರೆ ಆವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ಕಾಣುತ್ತಿದ್ದುದು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳೇ ಹೊರತು 'ಅಶೋಕ' ಎಂಬ ಹೆಸರಲ್ಲ. ಬಿರುದಿನ ಪಕ್ಕದಲ್ಲಿ ಹೆಸರನ್ನು ಇಟ್ಟು ಸಂದೇಹವನ್ನು ಕಳೆದದ್ದು ಮಸ್ಕಿಯ ಬಂಡೆ. ಇತಿಹಾಸವೆಂದರೆ ಯಾರೋ ಹೇಳಿದ ಕತೆಯಲ್ಲ, ಸಾಕ್ಷಿಗಳನ್ನು ಒಂದಕ್ಕೊಂದು ಹೊಂದಿಸಿ ನೋಡುವ ಕೆಲಸವೆಂಬುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ದೊರೆತಿಲ್ಲ.

ಮಸ್ಕಿಯಿಂದ ಎರಡನೆಯ ಹೆಜ್ಜೆ ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಗೆ. ಅಲ್ಲಿಯ ಅಶೋಕನ ಶಾಸನವನ್ನು ಬರೆದ ಲಿಪಿಕಾರನ ಹೆಸರು ಚಪಡ. ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು ಮುಗಿಸಿ, ಕೊನೆಗೆ 'ಲಿಪಿಕಾರ' ಎಂಬ ತನ್ನ ಕಸಬಿನ ಮಾತನ್ನು ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಆ ಲಿಪಿ ಗಾಂಧಾರದ ಕಡೆಯದು. ಅದರ ಮೂಲ, ಪಾರಸಿಕರ ದೊಡ್ಡ ಸಾಮ್ರಾಜ್ಯದ ಕಚೇರಿಗಳಲ್ಲಿ ನಡೆಯುತ್ತಿದ್ದ ಅರಮೇಯಿಕ್ ಬರಹ. ಈತ ವಾಯವ್ಯದಿಂದ ಬಂದವನೋ, ಎರಡೂ ಲಿಪಿ ಬಲ್ಲೆನೆಂದು ಸ್ವಲ್ಪ ಜಂಬ ತೋರಿಸಿದವನೋ! ಹುಡುಗರು ಎರಡನೆಯದನ್ನೇ ನಂಬುತ್ತಾರೆ. ಬೆಂಚಿನ ಮೇಲೆ ತಮ್ಮ ಹೆಸರು ಕೆತ್ತುವವರಿಗೆ ಚಪಡ ಬಹಳ ಬೇಗ ಗೆಳೆಯನಾಗುತ್ತಾನೆ. ಹೀಗೆ ಚಿತ್ರದುರ್ಗದ ಬಂಡೆಯ ಒಂದು ಪದವನ್ನು ಹಿಡಿದು ನಾವು ಪರ್ಷಿಯಾಕ್ಕೆ ಹೋಗಿಬಿಡುತ್ತೇವೆ.

ಮೂರನೆಯ ಹೆಜ್ಜೆ ಅಶೋಕನ ಹದಿಮೂರನೆಯ ಬಂಡೆಶಾಸನ. ಇದು ನಮ್ಮ ಗಡಿಯಾಚೆ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿಯೂ ಇದೆ. ಕಳಿಂಗದ ಯುದ್ಧಕ್ಕಾಗಿ ಪಶ್ಚಾತ್ತಾಪಪಟ್ಟ ಮಾತು ಇದರಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಇದರಲ್ಲಿಯೇ ಐವರು ಗ್ರೀಕ್ ಅರಸರ ಹೆಸರುಗಳೂ ಇವೆ: ಸಿರಿಯಾದ ಆಂಟಿಯೋಕಸ್, ಈಜಿಪ್ಟಿನ ಟಾಲೆಮಿ, ಮೆಸಿಡೋನಿಯಾದ ಆಂಟಿಗೋನಸ್, ಸೈರೀನಿನ ಮಗಸ್, ಅಲೆಕ್ಸಾಂಡರ್ ಎಂಬ ಇನ್ನೊಬ್ಬ. ಈ ಐವರೂ ಒಟ್ಟಿಗೆ ಆಳುತ್ತಿದ್ದ ವರ್ಷಗಳು ಬಹಳ ಕಡಿಮೆ. ಅದರಿಂದಲೇ ಅಶೋಕನ ಕಾಲವನ್ನು ವಿದ್ವಾಂಸರು ಗೊತ್ತುಮಾಡಿದ್ದು. ನಮ್ಮ ಅರಸನ ಇಸವಿ ನಮಗೆ ತಿಳಿದದ್ದು ಈಜಿಪ್ಟ್ ಸಿರಿಯಾಗಳ ಲೆಕ್ಕ ಹಿಡಿದು. ಇಲ್ಲಿಗೆ ಬಂದ ಮೇಲೆ, 'ಹೊರದೇಶದ ಇತಿಹಾಸ ನಮಗೇಕೆ?' ಎಂದು ಕೇಳುವ ಹುಡುಗ ತಾನಾಗಿ ಸುಮ್ಮನಾಗುತ್ತಾನೆ. ಟಾಲೆಮಿಯ ಕೈಹಿಡಿದು ಈಜಿಪ್ಟಿಗೆ ಹೋದರೆ ಆಗ ಪಿರಮಿಡ್ಡು; ಹಗ್ಗದ ಆಚೆಯ ತುದಿಯನ್ನು ಮುಟ್ಟಿದಂತಾಯಿತು. ಶಿಲಾಯುಗ ಹಗ್ಗಕ್ಕೆ ಸಿಕ್ಕುವುದಿಲ್ಲ. ಅದು ಕಿಟಕಿಯ ಹೊರಗೆ, ಆಟದ ಬಯಲು ದಾಟಿ, ಊರಾಚೆಯ ಗದ್ದೆಗಳನ್ನೂ ದಾಟಿ ಹೋಗುತ್ತದೆಂದು ಕೈ ತೋರಿಸುತ್ತೇನೆ.

ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪಲಿಲ್ಲ. 'ಕಾಲಕ್ರಮ ತಪ್ಪಿದರೆ ಇತಿಹಾಸವೇ ಇಲ್ಲ, ನೀನು ಮಕ್ಕಳನ್ನು ಕೋತಿಗಳಂತೆ ಕೊಂಬೆಯಿಂದ ಕೊಂಬೆಗೆ ಹಾರಿಸುತ್ತೀಯೆ' ಎಂದರು. ಮಾತಿನಲ್ಲಿ ಸತ್ಯವಿದೆ. ಹಗ್ಗವಿಲ್ಲದೆ ಹಾರಿಸಿದರೆ ಹಾಗೆಯೇ ಆಗುತ್ತದೆ. ಆದರೆ ಕ್ರಮವೆಂದು ನಾವು ಉರು ಹೊಡೆಸುವ ಪ್ರಾಚೀನ, ಮಧ್ಯ, ಆಧುನಿಕ ಎಂಬ ವಿಭಾಗ ಯುರೋಪಿನವರು ತಮ್ಮ ಮನೆಗೆ ಹಾಕಿಕೊಂಡ ಅಡ್ಡಗೋಡೆ. ಪಶ್ಚಿಮ ರೋಮಿನ ಕೊನೆಯ ಚಕ್ರವರ್ತಿ ಪದಚ್ಯುತನಾದ ಕ್ರಿ.ಶ. 476ನ್ನು ಅವರು ಒಂದು ಯುಗದ ಅಂತ್ಯವೆನ್ನುತ್ತಾರೆ. ಆರ್ಯಭಟ ಹುಟ್ಟಿದ್ದು ಅದೇ 476ರಲ್ಲಿ. ಒಂದೇ ಗಂಟಿಗೆ ಎರಡು ಚೀಟಿಗಳನ್ನು ಕಟ್ಟಿ ಬಿಟ್ಟರೆ ಸಾಕು, ಉಳಿದದ್ದನ್ನು ಮಕ್ಕಳೇ ಮಾತನಾಡಿಕೊಳ್ಳುತ್ತಾರೆ.

ಇನ್ನೊಂದು ಪಾಠವನ್ನು ಅಡುಗೆಮನೆಯಲ್ಲಿ ಮಾಡಬೇಕಾಗುತ್ತದೆ. ನಿಮ್ಮ ಮನೆಯ ಸಾರಿನಲ್ಲಿ 1492ಕ್ಕಿಂತ ಮೊದಲು ಭರತಖಂಡದಲ್ಲಿ ಇಲ್ಲದಿದ್ದುದು ಏನೇನೆಂದು ಪಟ್ಟಿ ಮಾಡಿ ತರಲು ಹೇಳುತ್ತೇನೆ. ಟೊಮೇಟೊ ಸುಲಭವಾಗಿ ಸಿಕ್ಕುತ್ತದೆ. ಆಲೂಗೆಡ್ಡೆ, ಕಡಲೆಕಾಯಿ ತಡವಾಗಿ ಹೊಳೆಯುತ್ತವೆ. ಮೆಣಸಿನಕಾಯಿಯನ್ನು ಮಾತ್ರ ಯಾರೂ ನಂಬುವುದಿಲ್ಲ. ಬ್ಯಾಡಗಿಯದೂ ಹೊರಗಿನಿಂದ ಬಂದದ್ದೇ ಎಂದರೆ ಅವಮಾನವಾದಂತೆ ನೋಡುತ್ತಾರೆ. ಅದು ಅಮೆರಿಕದ ಬೆಳೆ, ಪೋರ್ಚುಗೀಸರ ಕಾಲದಲ್ಲಿ ನಮ್ಮ ಕರಾವಳಿಗೆ ಬಂದದ್ದು. ಸಾಕ್ಷಿ ನಮ್ಮ ಮಾತಿನಲ್ಲಿಯೇ ಇದೆ. ಖಾರಕ್ಕೆ ನಮ್ಮಲ್ಲಿ ಇದ್ದುದು ಮೆಣಸು. ಹೊಸ ಕಾಯಿ ಬಂದಾಗ ಅದಕ್ಕೆ ಮೆಣಸಿನ ಕಾಯಿ ಎಂದರು. ಕೊಲಂಬಸ್ ಹೊರಟದ್ದೂ ಮೆಣಸು ಸಿಕ್ಕುವ ನಾಡನ್ನು ಹುಡುಕಿಕೊಂಡೇ. ಸ್ಪೇನಿನವರು ಮೆಣಸಿನ ಹೆಸರಾದ 'ಪಿಮಿಯೆಂತ'ವನ್ನು ತಿರುಚಿ ಹೊಸ ಕಾಯಿಗೆ 'ಪಿಮಿಯೆಂತೊ' ಎಂದರು. ಎರಡು ಖಂಡಗಳ ಜನ, ಒಬ್ಬರನ್ನೊಬ್ಬರು ಕೇಳದೆ, ಒಂದೇ ಬಗೆಯಲ್ಲಿ ಹೆಸರಿಟ್ಟರು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ನಂಟನ್ನು ಹುಡುಕುವ ಆಸೆ ಬೇಗ ನಂಟನ್ನು ಕಟ್ಟುವ ಆಸೆಯಾಗುತ್ತದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕಿ 1903ರಲ್ಲಿ ಅಚ್ಚಾದ ಒಂದು ಗ್ರೀಕ್ ಪ್ರಹಸನದಲ್ಲಿ ಭಾರತದ ತೀರದ ಪಾತ್ರಗಳು ಆಡುವ ಮಾತು ಕನ್ನಡವೆಂದು ಹುಲ್ಟ್ಜ್, ಶಾಮಶಾಸ್ತ್ರಿ, ಗೋವಿಂದ ಪೈ ಮೊದಲಾದವರು ವಾದಿಸಿದರು. ಬೇರೆ ವಿದ್ವಾಂಸರು ಒಪ್ಪಲಿಲ್ಲ. ನನಗೆ ಅದು ಕನ್ನಡವಾಗಿರಲಿ ಎಂದು ಆಸೆ. ಆ ಆಸೆಯೇ ಸಾಕ್ಷಿಯಲ್ಲವೆಂದು ತರಗತಿಯಲ್ಲಿ ಹೇಳಿಬಿಡುತ್ತೇನೆ. ಮೆಕ್ಸಿಕೋವಿನ ಮಾಯಾ ಜನರಿಗೂ ನಮಗೂ ಕೊಡುಕೊಳ್ಳುವಿಕೆ ಇರಲೇ ಇಲ್ಲ. ಆದರೂ ಸೊನ್ನೆಯ ಗುರುತನ್ನು ತಾವೇ ಕಂಡುಕೊಂಡ ಆ ಜನರ ಪಾಠಕ್ಕೆ ಒಂದು ವಾರ ಪೂರ್ತಿ ಕೊಡುತ್ತೇನೆ.

ತಾಯಿತಂದೆಗಳಲ್ಲಿ ಒಂದು ಕೋರಿಕೆ. ಪ್ರಪಂಚ ಇತಿಹಾಸದ ತರಗತಿ ಶುರುವಾದ ವಾರ ಮಕ್ಕಳು ಬಂದು, ಹಳೆಯ ಪೆಟ್ಟಿಗೆ ತೆಗೆಯಿರಿ, ಅದರಲ್ಲೇನಿದೆ ನೋಡಬೇಕು ಎಂದು ಕಾಡಬಹುದು. ಬೈಯಬೇಡಿ, ತೆಗೆದು ತೋರಿಸಿ. ಹಳೆಯ ನಾಣ್ಯವಿರಬಹುದು, ರಂಗೂನಿನಿಂದಲೋ ಏಡನ್ನಿನಿಂದಲೋ ಬಂದ ಕಾಗದವಿರಬಹುದು. ಪದಕವೇನಾದರೂ ಸಿಕ್ಕಿದರೆ ಶಾಲೆಗೆ ಕಳಿಸುವ ಸಂಭ್ರಮದಲ್ಲಿ ಹುಣಿಸೆಹಣ್ಣು ಹಾಕಿ ಉಜ್ಜಿ ಬೆಳಗಬೇಡಿ. ಅಂಚಿನಲ್ಲಿರುವ ಹೆಸರು ಸವೆದುಹೋಗುತ್ತದೆ.